ಹಿಮ ಕಾಣದ ಊರಿನಲ್ಲಿ ಹಿಮಕುಸಿತದ ಪಾಠ

ಈ ಸಾಲಿನ ಬೋಧನಾಭ್ಯಾಸಕ್ಕೆ ನಾನು ಹೋಗಿದ್ದು ನರಸಿಂಹರಾಜಪುರ ತಾಲ್ಲೂಕಿನ ಒಂದು ಪ್ರೌಢಶಾಲೆಗೆ. ಎಂಟನೇ ತರಗತಿಯ ‘ಘರ್ಷಣೆ’ ಘಟಕ ನನ್ನ ಪಾಲಿಗೆ ಬಂದಿತ್ತು. ಆ ಘಟಕದ ವಿಸ್ತರಣಾ ಚಟುವಟಿಕೆಯಾಗಿ ಹಿಮಕುಸಿತವನ್ನು ತೆಗೆದುಕೊಂಡೆ. ಒಂದು ಅವಧಿಯಲ್ಲಿ ಮುಗಿಸಬೇಕೆಂದುಕೊಂಡಿದ್ದು ಮೂರು ಅವಧಿಗೆ ಬೆಳೆಯಿತು. ಅದರಲ್ಲಿ ಮೊದಲನೆಯದು ನೋಡಲು ಚೆನ್ನಾಗಿತ್ತು, ಆದರೆ ಮುಖ್ಯವಾದದ್ದನ್ನು ಬಿಟ್ಟಿತ್ತು. ಎಲ್ಲಿ ಬಿಟ್ಟೆ, ಅದನ್ನು ಹೇಗೆ ಸರಿಪಡಿಸಲು ಪ್ರಯತ್ನಿಸಿದೆ ಎಂಬುದನ್ನು ಸಹಪ್ರಶಿಕ್ಷಣಾರ್ಥಿಗಳೊಂದಿಗೆ ಹಂಚಿಕೊಳ್ಳಲು ಈ ಲೇಖನ.

ಈ ವಿಷಯವನ್ನೇ ಏಕೆ ಆರಿಸಿಕೊಂಡೆ?

ಮಲೆನಾಡಿನ ಮಕ್ಕಳಿಗೆ ಹಿಮಾಲಯದ ಹಿಮ ಏಕೆ ಎಂದು ಶಾಲೆಯ ವಿಜ್ಞಾನ ಶಿಕ್ಷಕರೇ ನನ್ನನ್ನು ಕೇಳಿದ್ದರು. ನನ್ನಲ್ಲಿ ಎರಡು ಕಾರಣಗಳಿದ್ದವು. ಮೊದಲನೆಯದು, ಈಗ ನಮ್ಮ ಊರಿನವರು ಹಿಮದ ಕಡೆ ಹೋಗುತ್ತಿದ್ದಾರೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಚಿಕ್ಕಮ್ಮನ ಮಗ ಡಿಸೆಂಬರ್ ರಜೆಯಲ್ಲಿ ಉತ್ತರಾಖಂಡದ ಕೇದಾರಕಂಠಕ್ಕೆ ಚಾರಣ ಹೋಗಿ ಬಂದ. ಎಲ್ಲರಿಗೂ ಫೋಟೊ ತೋರಿಸಿದ. “ಅಲ್ಲಿ ಹಿಮ ಜಾರಿದರೆ ಏನು ಮಾಡಬೇಕು ಅಂತ ಹೇಳಿಕೊಟ್ಟಿದ್ರಾ?” ಎಂದು ಕೇಳಿದರೆ ನಕ್ಕುಬಿಟ್ಟ. ನಾನು ಪಾಠ ಮಾಡುವ ಮಕ್ಕಳಲ್ಲಿಯೂ ಕೆಲವರು ಹತ್ತು ವರ್ಷದ ನಂತರ ಹಾಗೆ ಹೋಗುವವರೇ. ಕೆಲವರು ಸೈನ್ಯಕ್ಕೂ ಸೇರಬಹುದು.

ಎರಡನೆಯದು, ಘರ್ಷಣೆ ಕಡಿಮೆಯಾದರೆ ಏನಾಗುತ್ತದೆ ಎಂಬುದಕ್ಕೆ ಪಠ್ಯದಲ್ಲಿ ಬಾಳೆಹಣ್ಣಿನ ಸಿಪ್ಪೆ, ಬೇರಿಂಗು, ಎಣ್ಣೆ ಇತ್ಯಾದಿ ಇವೆ. ಅದೇ ತತ್ತ್ವ ಒಂದು ಬೆಟ್ಟದ ಮಟ್ಟದಲ್ಲಿ ನಡೆದರೆ ಹೇಗಿರುತ್ತದೆ ಎಂದು ತೋರಿಸಬೇಕೆನಿಸಿತು.

ಮೊದಲ ಅವಧಿ

ಪಾಠ ಶುರುವಾಗುವ ಮುಂಚೆಯೇ ಭಾಷೆಯ ತೊಡಕು ಎದುರಾಯಿತು. “ಮಂಜು ನೋಡಿದ್ದೀರಾ?” ಎಂದರೆ ಎಲ್ಲರೂ ಕೈ ಎತ್ತಿದರು. ಅವರ ಮನಸ್ಸಿನಲ್ಲಿದ್ದದ್ದು ಚಳಿಗಾಲದ ಬೆಳಿಗ್ಗೆ ಭದ್ರಾ ಹಿನ್ನೀರಿನ ಮೇಲೆ ಕವಿಯುವ ಮಂಜು. ನಮ್ಮಲ್ಲಿ ಮಂಜು ಎಂಬ ಒಂದೇ ಮಾತು ಕಾವಳಕ್ಕೂ ಇಬ್ಬನಿಗೂ ಹಿಮಕ್ಕೂ ಬಳಕೆಯಾಗುತ್ತದೆ. ಪತ್ರಿಕೆಗಳಲ್ಲಿ ‘ಹಿಮಪಾತ’ ಎಂದರೆ ಒಮ್ಮೆ ಆಕಾಶದಿಂದ ಹಿಮ ಬೀಳುವುದು, ಇನ್ನೊಮ್ಮೆ ಬೆಟ್ಟದಿಂದ ಹಿಮ ಜಾರುವುದು. ಆದ್ದರಿಂದ ಕಪ್ಪುಹಲಗೆಯ ಒಂದು ಬದಿಯಲ್ಲಿ ಬರೆದಿಟ್ಟೆ: ಬೀಳುವುದು ಹಿಮಪಾತ, ಜಾರುವುದು ಹಿಮಕುಸಿತ. ಈ ಲೇಖನದಲ್ಲೂ ಅದನ್ನೇ ಪಾಲಿಸಿದ್ದೇನೆ.

ಆಮೇಲೆ ಚಿತ್ರಗಳನ್ನು ತೋರಿಸಿದೆ. ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಕಥೆ ಹೇಳಿದೆ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನವರಾದ ಅವರು ಸಿಯಾಚಿನ್‌ನ ಸೋನಮ್ ಠಾಣೆಯಲ್ಲಿ, ಸುಮಾರು 19,600 ಅಡಿ ಎತ್ತರದಲ್ಲಿ ಕಾವಲಿದ್ದರು. 2016ರ ಫೆಬ್ರವರಿ 3ರಂದು ಹತ್ತು ಸೈನಿಕರ ಆ ಠಾಣೆ ಹಿಮದಡಿ ಹೂತುಹೋಯಿತು. ಆರು ದಿನಗಳ ಹುಡುಕಾಟದಲ್ಲಿ ಹನುಮಂತಪ್ಪ ಜೀವಂತವಾಗಿ ಸಿಕ್ಕರು. ಇದನ್ನು ಹೇಳುವಾಗ ತರಗತಿ ಪೂರ್ತಿ ನಿಶ್ಶಬ್ದವಾಗಿತ್ತು. ಪಾಠ ಗೆದ್ದಿತು ಎಂದುಕೊಂಡೆ.

ಅವಧಿ ಮುಗಿಯಲು ಐದು ನಿಮಿಷವಿತ್ತು. ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. (ಅವನ ಹೆಸರು, ಊರು ಇಲ್ಲಿ ಬೇಡ.)

“ಮೇಡಂ, ನಮ್ಮನೆ ಹಿಂದೆ ಧರೆ ಇದೆ. ಅದೂ ಹಿಂಗೇ ಜಾರತ್ತಾ?”

ನಾನು, “ಅದು ಮಣ್ಣು, ಇದು ಹಿಮ. ಅದು ಬೇರೆ ಪಾಠ, ಕೂತ್ಕೋ” ಎಂದೆ. ಮೌಲ್ಯಮಾಪನದ ಮೂರು ಪ್ರಶ್ನೆ ಬಾಕಿ ಇದ್ದವು. ಗಂಟೆ ಬಾರಿಸುವುದರೊಳಗೆ ಅವನ್ನು ಕೇಳಿ ಮುಗಿಸಿದೆ.

ಬಾಕಿ ಉಳಿದ ಪ್ರಶ್ನೆ

ವೀಕ್ಷಣೆಗೆ ಬಂದಿದ್ದ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ನಮೂನೆಯಲ್ಲಿ ಪೀಠಿಕೆ, ಬೋಧನೋಪಕರಣ, ಕಪ್ಪುಹಲಗೆ ಬಳಕೆ ಎಲ್ಲದಕ್ಕೂ ಒಳ್ಳೆಯ ಅಂಕವನ್ನೇ ಕೊಟ್ಟಿದ್ದರು. ಕೆಳಗೆ ಒಂದು ಸಾಲು ಬರೆದಿದ್ದರು: “ಆ ಹುಡುಗನ ಪ್ರಶ್ನೆಗೆ ಉತ್ತರ?”

ಸಂಜೆ ಮಕ್ಕಳ ಉತ್ತರಗಳನ್ನು ಓದಿದಾಗ ಇನ್ನೂ ಎರಡು ವಿಷಯ ಗೊತ್ತಾದವು. “ಹಿಮದಡಿ ಸಿಕ್ಕಿಕೊಂಡವರು ಎಷ್ಟು ಹೊತ್ತು ಬದುಕಬಹುದು?” ಎಂಬ ಪ್ರಶ್ನೆಗೆ ಹೆಚ್ಚಿನವರು ‘ಆರು ದಿನ’ ಎಂದು ಬರೆದಿದ್ದರು. ಅದು ನಾನೇ ಕಲಿಸಿದ ತಪ್ಪು. ಸಿಯಾಚಿನ್‌ನಲ್ಲಿ ನಡೆದದ್ದು ಅಪರೂಪದಲ್ಲಿ ಅಪರೂಪ. ಹನುಮಂತಪ್ಪ ಅವರ ಸುತ್ತ ಗಾಳಿ ಉಳಿದಿದ್ದ ಸಣ್ಣ ಜಾಗವೊಂದು ಅವರನ್ನು ಅಷ್ಟು ದಿನ ಉಳಿಸಿತೆಂದು ಆಗ ವರದಿಯಾಗಿತ್ತು. ಅವರ ಜೊತೆಗಿದ್ದ ಒಂಬತ್ತು ಮಂದಿ ಬದುಕಲಿಲ್ಲ. ಆ ಒಂಬತ್ತು ಜನರಲ್ಲಿ ಹಾಸನ ಮತ್ತು ಮೈಸೂರು ಜಿಲ್ಲೆಯವರೂ ಇದ್ದರು. ಹನುಮಂತಪ್ಪ ಅವರೂ ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಕಥೆಯ ಅಚ್ಚರಿಯ ಭಾಗವನ್ನು ಒತ್ತಿ ಹೇಳಿ, ಉಳಿದದ್ದನ್ನು ನಾನು ಮೆಲ್ಲಗೆ ಹೇಳಿ ಮುಗಿಸಿದ್ದೆ. ಮಕ್ಕಳ ನೆನಪಿನಲ್ಲಿ ಉಳಿದದ್ದು ನಾನು ಒತ್ತಿ ಹೇಳಿದ್ದು ಮಾತ್ರ.

ಇನ್ನೊಂದು, “ಹಿಮಕುಸಿತ ಏಕೆ ಆಗುತ್ತದೆ?” ಎಂಬುದಕ್ಕೆ ಹಲವರು ‘ಜೋರಾಗಿ ಕೂಗಿದರೆ’ ಎಂದು ಬರೆದಿದ್ದರು. ಇದನ್ನು ನಾನು ಹೇಳಿರಲಿಲ್ಲ, ಸಿನಿಮಾದಿಂದ ಬಂದದ್ದು. ಮನುಷ್ಯನ ಕೂಗಿನಿಂದ ಬರುವ ಗಾಳಿಯ ಒತ್ತಡ ಹಿಮದ ಪದರವನ್ನು ಮುರಿಯುವಷ್ಟು ದೊಡ್ಡದಲ್ಲ. ಪಾಠ ಗೆದ್ದಿತೆಂದು ನಾನು ತಿಳಿದಿದ್ದ ತರಗತಿಯಲ್ಲಿ ಎರಡು ತಪ್ಪು ಕಲ್ಪನೆಗಳು ಗಟ್ಟಿಯಾಗಿದ್ದವು ಮತ್ತು ಒಂದು ನಿಜವಾದ ಪ್ರಶ್ನೆ ಹಾಗೇ ಕೂತಿತ್ತು.

ಎರಡನೇ ಅವಧಿ: ಹಲಗೆ, ಹಿಟ್ಟು, ಸಾಸಿವೆ

ವಿಜ್ಞಾನ ಶಿಕ್ಷಕರನ್ನು ಕೇಳಿ ಮುಂದಿನ ಸೋಮವಾರ ಇನ್ನೊಂದು ಅವಧಿ ಪಡೆದೆ. ಬೇಕಾದ ಸಾಮಗ್ರಿ ಇಷ್ಟೇ: ಮೂರು ಅಡಿ ಉದ್ದದ ಹಲಗೆ, ಗೋಣಿತಾಟು, ಅಡಿಕೆ ಹಾಳೆ, ಹುಳ ಹಿಡಿದ ಹಳೆಯ ಅಕ್ಕಿಹಿಟ್ಟು (ತಿನ್ನುವ ಹಿಟ್ಟನ್ನು ಚೆಲ್ಲಿದರೆ ಮಕ್ಕಳೇ ಬೈಯುತ್ತಾರೆ), ಒಂದು ಪಾವು ಸಾಸಿವೆ, ಕೋನಮಾಪಕ, ದಾರ, ಒಂದು ಸಣ್ಣ ಕಲ್ಲು. ಕೋನಮಾಪಕದ ನಡುವೆ ದಾರ ಕಟ್ಟಿ ಕಲ್ಲು ಇಳಿಬಿಟ್ಟರೆ ಇಳಿಜಾರಿನ ಕೋನ ಅಳೆಯುವ ಸಾಧನ ಸಿದ್ಧ. ಮಕ್ಕಳನ್ನು ನಾಲ್ಕು ಗುಂಪು ಮಾಡಿದೆ.

ಮೊದಲ ಹಂತ: ಹಲಗೆಯ ಮೇಲೆ ಗೋಣಿತಾಟು ಹಾಸಿ ನೋಟ್‌ಬುಕ್ ಇಟ್ಟು ಹಲಗೆಯನ್ನು ನಿಧಾನ ಎತ್ತುವುದು. ಆಮೇಲೆ ಗೋಣಿಯ ಬದಲು ಹಾಳೆ. ಹಾಳೆಯ ಮೇಲೆ ಕೂತು ಗುಡ್ಡ ಜಾರಿ ಬೆಳೆದ ಮಕ್ಕಳಿಗೆ ಇದರ ಉತ್ತರ ಮೊದಲೇ ಗೊತ್ತಿತ್ತು. ಆದರೆ ಒಂದು ಪುಸ್ತಕದ ಬದಲು ಮೂರು ಪುಸ್ತಕ ಇಟ್ಟರೆ ಬೇಗ ಜಾರುತ್ತದೆ ಎಂದು ಎಲ್ಲರೂ ಊಹಿಸಿದ್ದರು. ಹೆಚ್ಚುಕಡಿಮೆ ಅದೇ ಕೋನದಲ್ಲಿ ಜಾರಿತು. ತೂಕ ಹೆಚ್ಚಾದಾಗ ಕೆಳಗೆಳೆಯುವ ಬಲವೂ ಹಿಡಿದಿಡುವ ಘರ್ಷಣೆಯೂ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತವೆ ಎಂಬುದು ಇಲ್ಲಿಂದಲೇ ಬಂತು.

ಎರಡನೇ ಹಂತ: ಗೋಣಿತಾಟಿನ ಮೇಲೆ ಅಕ್ಕಿಹಿಟ್ಟನ್ನು ಎರಡು ಬೆರಳು ದಪ್ಪ ಒತ್ತಿ ಕೂರಿಸುವುದು. ಹಲಗೆ ಸಾಕಷ್ಟು ಕಡಿದಾದರೂ ಹಿಟ್ಟು ಕದಲಲಿಲ್ಲ.

ಮೂರನೇ ಹಂತ: ಮೊದಲು ತೆಳ್ಳಗೆ ಹಿಟ್ಟು, ಅದರ ಮೇಲೆ ಸಾಸಿವೆಯ ಒಂದು ಪದರ, ಅದರ ಮೇಲೆ ಒತ್ತಿದ ಹಿಟ್ಟು. ಮೇಲಿನಿಂದ ನೋಡಿದರೆ ಎರಡನೇ ಹಂತದ ಹಲಗೆಗೂ ಇದಕ್ಕೂ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಎತ್ತುತ್ತ ಹೋದಂತೆ ಹಿಟ್ಟಿನ ಹಾಸು ಒಂದೇ ಸಲಕ್ಕೆ ತುಂಡಾಗಿ ಕೆಳಗೆ ಬಂತು. ನಾಲ್ಕು ಗುಂಪುಗಳ ಅಳತೆ 24ರಿಂದ 31 ಡಿಗ್ರಿಯೊಳಗೆ ಬಂತು.

ನಾಲ್ಕನೇ ಹಂತವೇ ಪಾಠದ ಹೃದಯ. ಮತ್ತೆ ಪದರಗಳನ್ನು ಕೂರಿಸಿ, ಜಾರುವ ಕೋನಕ್ಕಿಂತ ಸ್ವಲ್ಪ ಕಡಿಮೆಯಲ್ಲಿ ಹಲಗೆಯನ್ನು ನಿಲ್ಲಿಸಿದೆವು. ಏನೂ ಆಗಲಿಲ್ಲ. “ಸೇಫ್ ಮೇಡಂ” ಎಂದರು. ಒಬ್ಬಳನ್ನು ಕರೆದು ಹಿಟ್ಟಿನ ಮೇಲೆ ಬೆರಳಿನಿಂದ ಹೆಜ್ಜೆ ಇಡುತ್ತ ಹೋಗು ಎಂದೆ. ಎರಡು ಹೆಜ್ಜೆ ನಿಂತಿತು. ಮೂರನೆಯದಕ್ಕೆ ಬೆರಳ ಮೇಲುಗಡೆಯಿಂದಲೇ ಬಿರುಕು ಬಿಟ್ಟು ಎಲ್ಲ ಜಾರಿತು. ಅವಳು ಕೈ ಹಿಂದಕ್ಕೆಳೆದುಕೊಂಡು, “ನಾನು ಜೋರಾಗಿ ಒತ್ತಲಿಲ್ಲ ಮೇಡಂ” ಎಂದಳು.

ಹಿಮದಲ್ಲಿ ಸಿಕ್ಕಿಕೊಳ್ಳುವ ಚಾರಣಿಗರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಸಂದರ್ಭಗಳಲ್ಲಿ ಆ ಹಾಸನ್ನು ಮುರಿದವರು ಸ್ವತಃ ಅವರೇ ಅಥವಾ ಅವರ ತಂಡದವರೇ ಎಂದು ಆಗ ಹೇಳಿದೆ. ಕೂಗಿನಿಂದ ಕುಸಿತ ಎಂಬ ಸಿನಿಮಾ ಕಲ್ಪನೆ ಅಲ್ಲಿಗೆ ಮುಗಿಯಿತು.

ಶಿಕ್ಷಕರಿಗೆ ವಿಷಯ ಟಿಪ್ಪಣಿ: ಹಿಮ ಹೇಗೆ ಜಾರುತ್ತದೆ

ಹಿಮ ಒಂದೇ ರಾಶಿಯಾಗಿ ಕೂರುವುದಿಲ್ಲ. ಪ್ರತಿ ಸಲ ಬಿದ್ದದ್ದು ಒಂದೊಂದು ಪದರ. ಅಪಾಯಕಾರಿ ಕುಸಿತಕ್ಕೆ ನಾಲ್ಕು ಸೇರಬೇಕು: ಗಟ್ಟಿಯಾದ ಮೇಲಿನ ಹಾಸು, ಅದರಡಿ ಒಂದು ದುರ್ಬಲ ಪದರ, ಸಾಕಷ್ಟು ಇಳಿಜಾರು, ಮತ್ತು ಮುರಿಯುವ ಒಂದು ಕಾರಣ. ಆ ಕಾರಣ ಹೊಸ ಹಿಮದ ಭಾರ ಇರಬಹುದು, ಗಾಳಿ ಹೊತ್ತು ತಂದು ಸುರಿದ ಹಿಮ ಇರಬಹುದು, ಒಮ್ಮೆಲೇ ಏರಿದ ಬಿಸಿಲು ಇರಬಹುದು, ಇಲ್ಲವೇ ಒಬ್ಬ ಮನುಷ್ಯನ ತೂಕ.

ದುರ್ಬಲ ಪದರ ಹುಟ್ಟುವ ಬಗೆ ಮಕ್ಕಳಿಗೆ ಬಹಳ ಹಿಡಿಸಿತು. ಹಿಮದಡಿಯ ನೆಲ ಸಾಮಾನ್ಯವಾಗಿ ಸೊನ್ನೆ ಡಿಗ್ರಿಯ ಹತ್ತಿರ ಇರುತ್ತದೆ. ಮೇಲಿನ ಗಾಳಿ ಅದಕ್ಕಿಂತ ಎಷ್ಟೋ ತಣ್ಣಗೆ. ಹಿಮದ ಹಾಸು ತೆಳ್ಳಗಿದ್ದರೆ ಕೆಳಗಿನ ಆವಿ ಮೇಲಕ್ಕೆ ಸಾಗುತ್ತ ಹಿಮದ ಕಣಗಳನ್ನು ಸಕ್ಕರೆಯಂಥ ಹರಳುಗಳನ್ನಾಗಿ ಬದಲಿಸುತ್ತದೆ. ಒಂದಕ್ಕೊಂದು ಅಂಟದ ಆ ಹರಳುಗಳೇ ನಮ್ಮ ಸಾಸಿವೆ. ಇನ್ನೊಂದು ಬಗೆ: ಮೋಡವಿಲ್ಲದ ರಾತ್ರಿ ಹಿಮದ ಮೇಲ್ಮೈಯಲ್ಲಿ ಗಾಳಿಯ ನೀರಾವಿಯೇ ನೇರವಾಗಿ ಗರಿಗರಿಯಾಗಿ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಹೊಸ ಹಿಮ ಬಿದ್ದರೆ ಆ ಗರಿಗಳ ಪದರ ಒಳಗೇ ಉಳಿದುಬಿಡುತ್ತದೆ.

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ನನಗೂ ಬಂತು: “ಮೂರು ಪುಸ್ತಕ ಇಟ್ಟರೂ ಅದೇ ಕೋನದಲ್ಲಿ ಜಾರಿತಲ್ಲ, ಹಾಗಿದ್ದರೆ ಹಿಮ ಜಾಸ್ತಿ ಬಿದ್ದರೆ ಏಕೆ ಅಪಾಯ?” ಪುಸ್ತಕವನ್ನು ಹಿಡಿದದ್ದು ಬರೀ ಘರ್ಷಣೆ. ಹಿಮದ ಪದರಗಳನ್ನು ಘರ್ಷಣೆಯ ಜೊತೆಗೆ ಒಂದು ಅಂಟೂ ಹಿಡಿದಿರುತ್ತದೆ. ಭಾರ ಹೆಚ್ಚಿದಂತೆ ಅಂಟು ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಒಂದು ಮಿತಿ ದಾಟಿದರೆ ಅದು ಕಿತ್ತುಕೊಳ್ಳುತ್ತದೆ.

ಕೋನದ ಬಗ್ಗೆ: ಹಾಸು ಜಾರುವ ಬಹುಪಾಲು ಕುಸಿತಗಳು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಆಗುತ್ತವೆ. ತೀರಾ ಕಡಿದಾದ ಕಡೆ ಹಿಮ ಕೂರುವ ಮುಂಚೆಯೇ ಸ್ವಲ್ಪ ಸ್ವಲ್ಪವಾಗಿ ಉದುರಿಬಿಡುತ್ತದೆ. ತ್ರಿಕೋನಮಿತಿ ಬಾರದ ಎಂಟನೇ ತರಗತಿಗೆ ಹೀಗೆ ಹೇಳಬಹುದು: ನೆಲಮಟ್ಟದಲ್ಲಿ 10 ಅಡಿ ಮುಂದೆ ಹೋಗುವಾಗ 6 ಅಡಿ ಏರಿದರೆ ಅದು ಸುಮಾರು 31 ಡಿಗ್ರಿ, 10 ಅಡಿ ಏರಿದರೆ 45 ಡಿಗ್ರಿ. ಆದರೆ 30ಕ್ಕಿಂತ ಕಡಿಮೆ ಇಳಿಜಾರಿನಲ್ಲಿ ನಿಂತವರು ಸುರಕ್ಷಿತ ಎಂದು ಬರೆಸಬೇಡಿ. ಮೇಲಿನ ಕಡಿದಾದ ಜಾಗದಿಂದ ಹೊರಟದ್ದು ಕೆಳಗಿನ ಬಯಲಿಗೇ ಬಂದು ನಿಲ್ಲುವುದು.

ಭಾರದ ಅಂದಾಜಿಗೆ ಒಂದು ಲೆಕ್ಕ ಮಾಡಿಸಿದೆ. 50 ಮೀಟರ್ ಉದ್ದ, 50 ಮೀಟರ್ ಅಗಲ, ಅರ್ಧ ಮೀಟರ್ ದಪ್ಪದ ಹಾಸು. ಅದರ ಗಾತ್ರ 1,250 ಘನಮೀಟರ್. ಒಂದು ಘನಮೀಟರ್ ಹಿಮ 200 ಕೆ.ಜಿ. ಎಂದಿಟ್ಟುಕೊಂಡರೆ ಒಟ್ಟು 2,50,000 ಕೆ.ಜಿ. ಹತ್ತು ಟನ್ ಹೊರುವ ಲಾರಿಯಲ್ಲಿ 25 ಲೋಡು. “ಮೊಣಕಾಲಿನ ಎತ್ತರದ ಹಿಮ ಅಷ್ಟೇ ಅಲ್ವಾ” ಎಂದಿದ್ದವರು ಆಮೇಲೆ ಹಾಗೆನ್ನಲಿಲ್ಲ.

ಹಿಮದ ದಾರಿಯಲ್ಲಿ ಹೋಗುವವರು ಏನು ಮಾಡುತ್ತಾರೆ

ಈ ಭಾಗವನ್ನು ಮೊದಲ ಅವಧಿಯಲ್ಲಿ ನಾನು ಪೂರ್ತಿ ಬಿಟ್ಟಿದ್ದೆ. ಎರಡನೇ ಅವಧಿಯಲ್ಲಿ ಮೂರು ಹೊತ್ತಾಗಿ ವಿಂಗಡಿಸಿ ಬರೆಸಿದೆ.

ಹೊರಡುವ ಮುಂಚೆ: ಹಿಮಾಲಯದ ಹಿಮಕುಸಿತದ ಮುನ್ಸೂಚನೆಯನ್ನು ಚಂಡೀಗಢದಲ್ಲಿರುವ ಡಿಆರ್‌ಡಿಒದ ಡಿಜಿಆರ್‌ಇ ಸಂಸ್ಥೆ ಕೊಡುತ್ತದೆ. ಅದನ್ನೂ ಹವಾಮಾನ ವರದಿಯನ್ನೂ ನೋಡಬೇಕು. ಹಿಮದಲ್ಲಿ ಹೂತವರನ್ನು ಪತ್ತೆ ಮಾಡಲು ಸಂಕೇತ ಕಳಿಸುವ ಸಣ್ಣ ಯಂತ್ರ, ಚುಚ್ಚಿ ನೋಡುವ ಉದ್ದನೆಯ ಸಲಾಕೆ, ಸಲಿಕೆ, ಈ ಮೂರೂ ತಂಡದ ಪ್ರತಿಯೊಬ್ಬರ ಬಳಿ ಇರಬೇಕು, ಬಳಸಲು ಬರಬೇಕು. ಎಷ್ಟು ಹೊತ್ತಿಗೆ ಎಲ್ಲಿದ್ದರೂ ಹಿಂದಿರುಗುತ್ತೇವೆ ಎಂಬುದನ್ನು ಕೆಳಗಿರುವಾಗಲೇ ತೀರ್ಮಾನಿಸಬೇಕು.

ದಾರಿಯಲ್ಲಿ: ಹತ್ತಿರದಲ್ಲಿ ಹೊಸದಾಗಿ ಆದ ಕುಸಿತ, ಕಾಲಿಟ್ಟಾಗ ‘ವುಂಫ್’ ಎಂದು ಹಿಮ ಕುಗ್ಗುವ ಸದ್ದು, ಹೆಜ್ಜೆಯಿಂದ ಮುಂದಕ್ಕೆ ಓಡುವ ಬಿರುಕು, ಹಿಂದಿನ ಒಂದೆರಡು ದಿನದಲ್ಲಿ ಬಿದ್ದ ಭಾರಿ ಹಿಮ, ಥಟ್ಟನೆ ಏರಿದ ಉಷ್ಣತೆ. ಇವು ಕಂಡರೆ ಆ ಇಳಿಜಾರಿಗೆ ಹೋಗಬಾರದು. ದಾಟಲೇಬೇಕಾದ ಕಡೆ ಒಬ್ಬೊಬ್ಬರಾಗಿ ದಾಟಬೇಕು, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ನೋಡುತ್ತಿರಬೇಕು.

ಸಿಕ್ಕಿಕೊಂಡರೆ: ಬದಿಗೆ ಸರಿದು ಹೊರಬರಲು ಹೋರಾಡಬೇಕು. ನಿಲ್ಲುವ ಹೊತ್ತಿಗೆ ಮುಖದ ಮುಂದೆ ಕೈ ತಂದು ಉಸಿರಿಗೆ ಜಾಗ ಮಾಡಿಕೊಳ್ಳಬೇಕು. ಸುಮಾರು ಹದಿನೈದು ನಿಮಿಷದೊಳಗೆ ತೆಗೆದರೆ ಪೂರ್ತಿ ಹೂತವರಲ್ಲೂ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಬದುಕುವವರು ಮೂವರಲ್ಲಿ ಒಬ್ಬರಷ್ಟೇ. ಇದನ್ನು ಬರೆಸಿದ ಮೇಲೆ ‘ಆರು ದಿನ’ ಎಂದಿದ್ದವರು ತಾವಾಗಿಯೇ ಹಳೆಯ ಉತ್ತರ ಹೊಡೆದುಹಾಕಿದರು. ಹೊರಗಿನಿಂದ ರಕ್ಷಣಾ ತಂಡ ಬರುವವರೆಗೆ ಕಾಯಲು ಸಮಯವಿರುವುದಿಲ್ಲ, ಜೊತೆಗಿರುವವರೇ ರಕ್ಷಣಾ ತಂಡ ಎಂಬುದೂ ಅರ್ಥವಾಯಿತು.

ತರಬೇತಿ ಇದ್ದರೆ ಸಾಕು ಎಂಬ ಭಾವನೆ ಬಾರದಿರಲಿ ಎಂದು 2022ರ ಅಕ್ಟೋಬರ್ 4ರ ಘಟನೆ ಹೇಳಿದೆ. ಉತ್ತರಕಾಶಿಯ ದ್ರೌಪದಿ ಕಾ ದಾಂಡಾ-2 ಶಿಖರದಲ್ಲಿ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡವೇ ಹಿಮಕುಸಿತಕ್ಕೆ ಸಿಲುಕಿ, ತಂಡ 29 ಮಂದಿಯನ್ನು ಕಳೆದುಕೊಂಡಿತು. ಹಿಮ ಜಾರದೆಯೂ ಪ್ರಾಣ ಹೋಗುತ್ತದೆ ಎಂಬುದಕ್ಕೆ 2024ರ ಜೂನ್ ತಿಂಗಳ ಸಹಸ್ರತಾಲ್ ಚಾರಣ ಸಾಕ್ಷಿ. ಹೆಚ್ಚಿನವರು ಕರ್ನಾಟಕದವರೇ ಆಗಿದ್ದ 22 ಮಂದಿಯ ತಂಡ ಎತ್ತರದಲ್ಲಿ ಹಿಮಗಾಳಿಗೆ ಸಿಕ್ಕಿತು. 13 ಮಂದಿಯನ್ನು ರಕ್ಷಿಸಲಾಯಿತು, 9 ಮಂದಿ ತೀರಿಕೊಂಡರು. ಜೂನ್ ಎಂದರೆ ನಮ್ಮಲ್ಲಿ ಶಾಲೆ ತೆರೆಯುವ ಹೊತ್ತು. ಚಳಿಗಾಲ ಎಂಬುದು ಅಲ್ಲಿ ತಿಂಗಳನ್ನು ನೋಡಿ ಬರುವುದಿಲ್ಲ, ಎತ್ತರವನ್ನು ನೋಡಿ ಬರುತ್ತದೆ.

ಧರೆಯ ಪ್ರಶ್ನೆಗೆ ಉತ್ತರ

ಕೊನೆಯ ಹತ್ತು ನಿಮಿಷವನ್ನು ಆ ಹುಡುಗನ ಪ್ರಶ್ನೆಗೇ ಇಟ್ಟಿದ್ದೆ. ಮೊದಲು ತರಗತಿಯ ಎದುರು, “ಆವತ್ತು ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಬೇರೆ ಪಾಠ ಅಂದಿದ್ದು ನನ್ನ ತಪ್ಪು” ಎಂದೆ.

ಧರೆ ಕುಸಿಯುವುದೂ ಹಿಮ ಜಾರುವುದೂ ಒಂದೇ ಅಲ್ಲ. ಮಣ್ಣಿನಲ್ಲಿ ದೊಡ್ಡ ಪಾತ್ರ ನೀರಿನದು. ಮಳೆನೀರು ಇಂಗಿ ಮಣ್ಣಿನ ಭಾರ ಹೆಚ್ಚಿಸುತ್ತದೆ. ಕಣಗಳ ನಡುವೆ ತುಂಬಿದ ನೀರಿನ ಒತ್ತಡ ಕಣಗಳನ್ನು ಒಂದರಿಂದ ಒಂದನ್ನು ದೂರ ತಳ್ಳಿ ಘರ್ಷಣೆಯನ್ನು ಕಡಿಮೆ ಮಾಡುತ್ತದೆ. ನಮ್ಮ ಕಡೆ ಮೇಲೆ ಕೆಂಪು ಮಣ್ಣು ಅಥವಾ ಜಂಬಿಟ್ಟಿಗೆ, ಅದರಡಿ ಎಷ್ಟೋ ಕಡೆ ಶೇಡಿ ಮಣ್ಣು. ನೀರು ಕುಡಿದ ಶೇಡಿ ಮಣ್ಣು ಮೆತ್ತಗಾಗಿ ಸಾಸಿವೆಯ ಕೆಲಸ ಮಾಡುತ್ತದೆ. ಮನೆಗೋ ರಸ್ತೆಗೋ ಜಾಗ ಮಾಡಲು ಗುಡ್ಡದ ಬುಡ ಕಡಿದಾಗ ಮೇಲಿನ ಭಾಗಕ್ಕೆ ಆಸರೆ ಹೋಗುತ್ತದೆ, ಕೋನವೂ ಕಡಿದಾಗುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದಾಗ ಏನಾಯಿತೆಂದು ಮಕ್ಕಳಿಗೆ ಮನೆಯ ಟಿ.ವಿ.ಯಿಂದಲೇ ಗೊತ್ತಿತ್ತು.

ಗಮನಿಸಬೇಕಾದ ಗುರುತುಗಳನ್ನು ಬರೆಸಿದೆ: ಧರೆಯ ಮೇಲೆ ಅಥವಾ ಅಂಗಳದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ಇಲ್ಲದ ಕಡೆ ಥಟ್ಟನೆ ಎದ್ದ ಒರತೆ, ತಿಳಿಯಾಗಿದ್ದ ಒರತೆ ಕೆಂಪಾಗುವುದು, ಬಾಗಿಲು ಕಿಟಕಿ ಹಾಕಲು ಬಾರದಷ್ಟು ಬಿಗಿಯಾಗುವುದು. “ನೀವು ಧರೆ ಹತ್ತಿ ಪರೀಕ್ಷೆ ಮಾಡಬೇಡಿ. ಧರೆಯ ಬುಡಕ್ಕೂ ಹೋಗಬೇಡಿ. ದೂರದಿಂದ ನೋಡಿ ಮನೆಯ ದೊಡ್ಡವರಿಗೆ ಹೇಳಿ. ಅವರು ಪಂಚಾಯಿತಿಗೆ, ತಾಲ್ಲೂಕು ಕಚೇರಿಗೆ ತಿಳಿಸಲಿ. ತುರ್ತಾದರೆ 112” ಎಂದು ಎರಡು ಸಲ ಹೇಳಿದೆ.

ಮಳೆ ರಜೆ

ಆ ವಾರವೇ ಮಳೆ ಹಿಡಿಯಿತು. ಬುಧವಾರದಿಂದ ಮೂರು ದಿನ ಶಾಲೆಗಳಿಗೆ ರಜೆ ಕೊಟ್ಟರು. ಮತ್ತೆ ಶಾಲೆ ತೆರೆದ ದಿನ ಆ ಹುಡುಗ ಬಂದಿರಲಿಲ್ಲ. ನನಗೆ ಅವತ್ತು ಹಾಜರಿ ಕರೆಯುವುದೇ ಕಷ್ಟವಾಯಿತು. ಮಾರನೆಯ ದಿನ ಬಂದ. ಕೇಳಿದಾಗ ಹೇಳಿದ: ಪಾಠದ ದಿನ ಸಂಜೆ ಧರೆಯ ಮೇಲೆ ಬಿರುಕು ಇರುವುದನ್ನು ಅಮ್ಮನಿಗೆ ತೋರಿಸಿದ್ದಾನೆ. ಅಪ್ಪ ಮೊದಲು ಬೈದರು. ಆದರೆ ರಾತ್ರಿ ಮಳೆ ಜೋರಾದಾಗ ಬಿರುಕಿನ ಮೇಲೆ ಟಾರ್ಪಾಲು ಹೊದಿಸಿ, ಎಲ್ಲರನ್ನೂ ಕರೆದುಕೊಂಡು ದೊಡ್ಡಪ್ಪನ ಮನೆಗೆ ಹೋದರು. ಮೂರು ರಾತ್ರಿ ಅಲ್ಲೇ ಇದ್ದರು.

ಧರೆ ಬೀಳಲಿಲ್ಲ.

ತರಗತಿಯಲ್ಲಿ ಅವನಿಗೆ ‘ಪುಕ್ಕಲ’ ಎಂಬ ಹೆಸರು ಬಿದ್ದಿತ್ತು. “ಸುಮ್ನೆ ಹೆದರಿ ಓಡಿಹೋದ್ರು ಮೇಡಂ” ಎಂದು ಒಬ್ಬ ನನಗೇ ಹೇಳಿದ. ಒಂದು ಮನೆಯವರನ್ನು ಮಳೆಯಲ್ಲಿ ಹಾಸಿಗೆ ಹೊತ್ತು ಅಲೆಸಿದ್ದು ನನ್ನ ಪಾಠ ಎಂದು ನನಗೂ ಅನಿಸಿತು. ಉಪನ್ಯಾಸಕರ ಬಳಿ ಹೋಗಿ, “ಸರ್, ಏನೂ ಆಗಲಿಲ್ಲ” ಎಂದೆ. ಅವರು ಕನ್ನಡಕ ತೆಗೆದು, “ನೀವು ಏನಾಗಲಿ ಅಂತ ಕಾಯ್ತಿದ್ರಿ?” ಎಂದರು. ಆಮೇಲೆ, “ಇದನ್ನೇ ತರಗತಿಗೆ ತಗೊಂಡು ಹೋಗಿ” ಎಂದರು.

ಮೂರನೇ ಅವಧಿ: ನಾಲ್ಕು ಚೌಕ

ಅರ್ಧ ಅವಧಿ ಮಾತ್ರ ಸಿಕ್ಕಿತು. ಕಪ್ಪುಹಲಗೆಯ ಮೇಲೆ ನಾಲ್ಕು ಚೌಕ ಬರೆದೆ: ಹೋದರು–ಬಿತ್ತು, ಹೋದರು–ಬೀಳಲಿಲ್ಲ, ಉಳಿದರು–ಬೀಳಲಿಲ್ಲ, ಉಳಿದರು–ಬಿತ್ತು. ಪ್ರತಿ ಚೌಕದಲ್ಲಿ ಏನು ನಷ್ಟ ಎಂದು ಮಕ್ಕಳೇ ಬಂದು ಬರೆಯಬೇಕು.

‘ಹೋದರು–ಬಿತ್ತು’ ಚೌಕದಲ್ಲಿ ‘ಮನೆ ಹೋಯಿತು, ಜನ ಉಳಿದರು’ ಎಂದು ಬರೆದರು. ‘ಹೋದರು–ಬೀಳಲಿಲ್ಲ’ ಚೌಕದಲ್ಲಿ ‘ಮೂರು ರಾತ್ರಿ ನಿದ್ದೆ ಇಲ್ಲ, ದನಕ್ಕೆ ಹುಲ್ಲು ಹಾಕಲು ತೊಂದರೆ’ ಎಂದು ಆ ಹುಡುಗನೇ ಬರೆದ. ‘ಉಳಿದರು–ಬೀಳಲಿಲ್ಲ’ ಚೌಕದಲ್ಲಿ ‘ಏನೂ ನಷ್ಟ ಇಲ್ಲ’ ಎಂದರು. ನಾಲ್ಕನೆಯ ಚೌಕ ತುಂಬಲು ಯಾರೂ ಎದ್ದು ಬರಲಿಲ್ಲ. ನಾನೂ ತುಂಬಲಿಲ್ಲ.

ಆಮೇಲೆ ಮೂರನೇ ಚೌಕಕ್ಕೆ ಬಂದೆ. ಹೆಚ್ಚಿನ ದಿನ ಆಗುವುದು ಅದೇ. ಹಿಮದ ಇಳಿಜಾರನ್ನು ಹತ್ತು ಸಲ ತಪ್ಪಾಗಿ ದಾಟಿದವರಿಗೂ ಹತ್ತು ಸಲವೂ ಏನೂ ಆಗದಿರಬಹುದು. ಅವರು ತಾವು ಅನುಭವಿಗಳಾದೆವು ಎಂದುಕೊಳ್ಳುತ್ತಾರೆ. ಇಳಿಜಾರು ಒಬ್ಬ ಕೆಟ್ಟ ಮೇಷ್ಟ್ರು: ತಪ್ಪು ಉತ್ತರಕ್ಕೂ ಬಹಳ ಸಲ ಸರಿ ಗುರುತು ಹಾಕುತ್ತದೆ. ಆದ್ದರಿಂದ ಕೊನೆಗೆ ಏನಾಯಿತು ಎಂಬುದರಿಂದ ನಿರ್ಧಾರಕ್ಕೆ ಅಂಕ ಕೊಡಬಾರದು. ನಿರ್ಧಾರ ಮಾಡುವಾಗ ಏನು ಕಾಣುತ್ತಿತ್ತು, ಅದನ್ನು ನೋಡಿ ಏನು ಮಾಡಿದರು ಎಂಬುದಕ್ಕೆ ಅಂಕ ಕೊಡಬೇಕು. ಬಿರುಕು ಕಂಡಿತ್ತು, ಮಳೆ ಹೆಚ್ಚಿತ್ತು, ಹೊರಟರು. ಪೂರ್ತಿ ಅಂಕ.

ಸಾಸಿವೆಯ ಮೇಲೆ ಬೆರಳಿಟ್ಟಿದ್ದ ಹುಡುಗಿ ಎದ್ದು, “ನಾನು ಎರಡನೇ ಹೆಜ್ಜೆಗೇ ಕೈ ತೆಗೆದಿದ್ರೆ ಎಲ್ಲರೂ ಸೇಫ್ ಅಂತಿದ್ರು, ಅಲ್ವಾ ಮೇಡಂ?” ಎಂದಳು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಸಹಪ್ರಶಿಕ್ಷಣಾರ್ಥಿಗಳಿಗೆ ಕೆಲವು ಮಾತು

1. ಅಪಾಯದ ಪಾಠದಲ್ಲಿ ಅಚ್ಚರಿಯ ಕಥೆಯೊಂದನ್ನು ಹೇಳಿದರೆ, ಸಾಮಾನ್ಯವಾಗಿ ಏನಾಗುತ್ತದೆ ಎಂಬುದನ್ನು ಅದೇ ಉಸಿರಿನಲ್ಲಿ ಹೇಳಿ. ಇಲ್ಲದಿದ್ದರೆ ಅಪವಾದವೇ ನಿಯಮವಾಗಿ ಉಳಿಯುತ್ತದೆ.

2. ಪ್ರಯೋಗದಲ್ಲಿ ಬಂದ ಡಿಗ್ರಿ ನಮ್ಮ ಹಲಗೆ, ನಮ್ಮ ಹಿಟ್ಟಿಗೆ ಮಾತ್ರ. ಅದನ್ನು ಬೆಟ್ಟಕ್ಕೂ ಧರೆಗೂ ಹಚ್ಚಬಾರದೆಂದು ಸ್ಪಷ್ಟವಾಗಿ ಹೇಳಿ.

3. ದೂರದ ವಿಷಯವನ್ನು ಊರಿಗೆ ತರುವಾಗ ಹೋಲಿಕೆಯ ಜೊತೆ ವ್ಯತ್ಯಾಸವನ್ನೂ ಬರೆಸಿ. ಹಿಮದಲ್ಲಿ ಮುರಿಯುವ ಅಂಟು, ಮಣ್ಣಿನಲ್ಲಿ ತುಂಬುವ ನೀರು.

4. ಹೆದರಿಸಿ ಬಿಡಬೇಡಿ. ಏನು ನೋಡಬೇಕು, ಯಾರಿಗೆ ಹೇಳಬೇಕು, ಯಾವಾಗ ಹೊರಡಬೇಕು ಎಂಬಲ್ಲಿಗೆ ಪಾಠ ಮುಗಿಯಲಿ.

5. ಪಾಠಯೋಜನೆಯಲ್ಲಿ ಐದು ನಿಮಿಷ ಖಾಲಿ ಇಡಿ. ಆ ಐದು ನಿಮಿಷ ನನ್ನಲ್ಲಿ ಇದ್ದಿದ್ದರೆ ಆ ಹುಡುಗನಿಗೆ ಗುರುವಾರವೇ ಉತ್ತರ ಸಿಗುತ್ತಿತ್ತು.

ಬೋಧನಾಭ್ಯಾಸ ಮುಗಿಸಿ ಹೊರಡುವ ದಿನ ಅವನು ಬಂದು, ಪಂಚಾಯಿತಿಯವರು ಬಂದು ಧರೆ ನೋಡಿ ಹೋದರೆಂದು ಹೇಳಿದ. ಮಳೆಗಾಲ ಇನ್ನೂ ಇದೆ. ಈ ಸಲ ಮಳೆ ಜೋರಾದರೆ ಏನು ಮಾಡುತ್ತೀರಿ ಎಂದೆ. “ದೊಡ್ಡಮ್ಮ ಹಾಸಿಗೆ ಅಲ್ಲೇ ಇಡಿ ಅಂದಿದ್ದಾರೆ” ಎಂದ.